ಎರಡು ಗೇಣು ಕೆಂಪು

ಇಸ್ತಾಂಬುಲ್‌ನಲ್ಲಿ ಎಂಟು ದಿನ ಇದ್ದೆ. ಬಾಸ್ಫರಸ್‌ನಲ್ಲಿ ದೋಣಿ ಹತ್ತಿದೆ, ನೀಲಿ ಮಸೀದಿ ನೋಡಿದೆ, ಬೀದಿ ಬೆಕ್ಕುಗಳ ಫೋಟೋ ತೆಗೆದೆ. ಅದೆಲ್ಲ ಚೆನ್ನಾಗೇ ಇತ್ತು. ಆದರೆ ಬರೆಯಬೇಕು ಅನ್ನಿಸಿದ್ದು ಹರಿದ ರತ್ನಗಂಬಳಿಯ ಒಂದು ತುಂಡಿನ ಬಗ್ಗೆ.

ಶುರುವಾಗಿದ್ದು ಟರ್ಕಿ ಮತ್ತು ಇಸ್ಲಾಮಿ ಕಲೆಗಳ ಮ್ಯೂಸಿಯಂನಲ್ಲಿ. ಹಳೇ ಕುದುರೆ ಓಟದ ಮೈದಾನದ ಪಕ್ಕದಲ್ಲಿ, ಇಬ್ರಾಹಿಂ ಪಾಷಾ ಅರಮನೆಯಲ್ಲಿದೆ ಅದು. ಕೊನ್ಯಾ ಊರಿನ ಅಲಾವುದ್ದೀನ್ ಮಸೀದಿಯಲ್ಲಿ ಸಿಕ್ಕ ಸೆಲ್ಜೂಕ್ ದೊರೆಗಳ ಕಾಲದ ಗಂಬಳಿಗಳು ಅಲ್ಲಿವೆ. 13ನೇ ಶತಮಾನದವು. ಕೆಲವು ಬರೀ ತುಂಡುಗಳು. ನಡುವೆ ಬೋಳು, ಅಂಚು ಹರಿದಿದೆ. ಇಡೀ ಗಂಬಳಿ ಆಗಿದ್ದರೆ ಚಿತ್ತಾರ ನೋಡಿ ಮುಂದೆ ಹೋಗುತ್ತಿದ್ದೆನೇನೋ. ತುಂಡಿನ ಮುಂದೆ ಮಾತ್ರ ಕಾಲು ಏಳಲಿಲ್ಲ. ಕೆಂಪಿನ ಪಕ್ಕ ಇನ್ನೊಂದು ಕೆಂಪು, ದಪ್ಪ ದಪ್ಪ ಅಕ್ಷರದಂತಹ ಅಂಚು, ಆಮೇಲೆ ಏನೂ ಇಲ್ಲ.

ಮರುದಿನ ಕಪಾಲಿಚಾರ್ಶಿಗೆ ಹೋದೆ. ಹೆಸರಿನ ಅರ್ಥವೇ ಮುಚ್ಚಿದ ಪೇಟೆ ಅಂತ. ಫಳಫಳ ಹೊಳೆಯುವ ರೇಷ್ಮೆ ಗಂಬಳಿಗಳು ನನಗೆ ಹಿಡಿಸಲಿಲ್ಲ. ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಹಳೆಯ ಗಂಬಳಿಗಳನ್ನು ಚೌಕ ಚೌಕ ಕತ್ತರಿಸಿ, ಗಾಢ ನೀಲಿ ಅದ್ದಿ, ಹೊಲಿದು ಮಾರುವುದನ್ನು ನೋಡಿ. ಯಾರೋ ತಿಂಗಳುಗಟ್ಟಲೆ ಕೂತು ಹಾಕಿದ ಬಣ್ಣದ ಮೇಲೆ ಒಂದೇ ಬಣ್ಣ ಸುರಿಯೋದು ಅಂದರೆ ಹೇಗೆ?

ಪೇಟೆಯ ಹೊರಗೆ ಹಳೇ ಛತ್ರವೊಂದರ ಮಹಡಿಯಲ್ಲಿ ಗಂಬಳಿ ರಫು ಮಾಡುವ ಹಿರಿಯರೊಬ್ಬರು ಸಿಕ್ಕರು. ಅವರ ಮೊಮ್ಮಗ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದ. ಗೋಡೆಯಲ್ಲಿ ಎರಡು ಗೇಣು ಅಗಲದ ತುಂಡೊಂದು ಇತ್ತು. ಕೊನ್ಯಾ ಕಡೆಯ ಯೊರುಕ್ ಅಲೆಮಾರಿಗಳ ನೇಯ್ಗೆಯಂತೆ. ಮುಟ್ಟಬಹುದಾ ಅಂತ ಕೇಳಿದೆ. ಅವರು ಇಳಿಸಿ, ಮೊದಲು ಬೆನ್ನು ತಿರುಗಿಸಿ ನನ್ನ ತೊಡೆಯ ಮೇಲೆ ಇಟ್ಟರು.

ಬೆನ್ನಲ್ಲಿ ಹಾಸು, ಹೊಕ್ಕು, ಗಂಟು ಎಲ್ಲ ಬಿಡಿಬಿಡಿಯಾಗಿ ಕಾಣುತ್ತದೆ. ಹಾಸು ಬಿಳಿ ಉಣ್ಣೆ. ಹೊಕ್ಕಿಗೆ ಕೆಂಪು ಬಣ್ಣ ಹಾಕಿದ್ದಾರೆ. ಎರಡು ಹಾಸಿನೆಳೆ ಸುತ್ತಿ ಹಾಕಿದ ಗೊರ್ಡೆಸ್ ಗಂಟು. ಮಂಜಿಷ್ಠದ ಬೇರಿನ ಕೆಂಪು, ಒಂದು ಸಾಲಿನಿಂದ ಸ್ವಲ್ಪ ಮಂಕಾಗುತ್ತದೆ. ಮೊದಲ ಸಲ ಅದ್ದಿದ ನೂಲು ಮುಗಿದು, ಎರಡನೇ ಸಲ ಅದ್ದಿದ ನೂಲು ಅಲ್ಲಿಂದ ಶುರು. ಇದಕ್ಕೆ ಅಬ್ರಾಶ್ ಅನ್ನುತ್ತಾರೆ. ಮುಂಭಾಗದಲ್ಲಿ ಬೆರಳಾಡಿಸಿದರೆ ಕಂದು ಗೆರೆಗಳು ತಗ್ಗಾಗಿ ಸಿಗುತ್ತವೆ. ಕಂದು ಬಣ್ಣಕ್ಕೆ ಕಬ್ಬಿಣದ ಅಂಶ ಸೇರಿಸುತ್ತಿದ್ದರು. ಅದು ಕಾಲಕ್ರಮದಲ್ಲಿ ಉಣ್ಣೆಯನ್ನು ತಿಂದುಬಿಡುತ್ತದೆ. ಹಾಗಾಗಿ ಕೆಂಪು ಹೂ ಕೆತ್ತಿದ ಹಾಗೆ ಎದ್ದು ನಿಲ್ಲುತ್ತದೆ. ಆ ಕೆಂಪಿನ ನಡುವೆ ಒಂದೇ ಒಂದು ನೀಲಿ ಗಂಟು.

"ಇದು ತಪ್ಪಾ?" ಅಂದೆ.

"ತಪ್ಪಾಗಿದ್ದರೆ ನೇಯ್ದವಳೇ ಬಿಚ್ಚುತ್ತಿದ್ದಳು. ಗಂಟು ಬಿಚ್ಚೋಕೆ ಎಷ್ಟು ಹೊತ್ತು ಬೇಕು?"

"ಹಾಗಾದರೆ ಬೇಕು ಅಂತಲೇ ಹಾಕಿದಳಾ?"

ಅವರು ಭುಜ ಕುಣಿಸಿದರು. ಹರಿದ ಕಡೆ ತುಂಬಿಸಿ ಪೂರ್ತಿ ಮಾಡೋಕೆ ಆಗಲ್ವಾ ಅಂತ ಕೇಳಿದೆ. ಆಗ ಕೆಲಸದ ಸೂಜಿ ಕೆಳಗಿಟ್ಟರು. ಚಿಕ್ಕವರಿದ್ದಾಗ ಅದೇ ಕೆಲಸ ಮಾಡುತ್ತಿದ್ದರಂತೆ. ತೂತು ಕಂಡರೆ ಮುಚ್ಚೋದು, ಅರ್ಧ ಹೂ ಕಂಡರೆ ಇನ್ನರ್ಧ ನೇಯೋದು. "ಒಂದು ದಿನ ನಾನು ನೇಯ್ದದ್ದು ಯಾವುದು, ಆಕೆ ನೇಯ್ದದ್ದು ಯಾವುದು ನನಗೇ ಗೊತ್ತಾಗಲಿಲ್ಲ. ಎಲ್ಲರೂ ಹೊಗಳಿದರು. ನನಗೆ ಊಟ ಸೇರಲಿಲ್ಲ." ಈಗ ತುಂಡು ಬಂದರೆ ಬಿಚ್ಚಿಕೊಳ್ಳುವ ಅಂಚನ್ನಷ್ಟೇ ಹೊಲಿದು ನಿಲ್ಲಿಸುತ್ತಾರೆ. ಮತ್ತೆ ಮಾತು ಆ ನೀಲಿ ಗಂಟಿಗೇ ಬಂತು. ಚಹಾ ಎರಡು ಸಲ ತಣ್ಣಗಾಯಿತು.

ಕೊಡ್ತೀರಾ ಅಂತ ಕೇಳಿದೆ. ದೇಶದಿಂದ ಹೊರಗೆ ಹೋಗುವಂಥದ್ದಲ್ಲ ಅಂದರು. ಬದಲಿಗೆ ಚೀಲವೊಂದರ ಮುಖದ ತುಂಡು ತೋರಿಸಿದರು. ಇದು ಅಷ್ಟು ಹಳೆಯದಲ್ಲ. ಮೇಲೆ ಬೂದಿ ಬಣ್ಣ. ಉಣ್ಣೆಯ ಕುಚ್ಚನ್ನು ಎರಡು ಹೆಬ್ಬೆರಳಲ್ಲಿ ಬಿಡಿಸಿದರೆ ಬುಡದಲ್ಲಿ ಕಣ್ಣು ಕುಕ್ಕುವ ನೇರಳೆ! 1856ರಲ್ಲಿ ಇಂಗ್ಲೆಂಡಿನಲ್ಲಿ ಕಲ್ಲಿದ್ದಲ ಡಾಂಬರಿನಿಂದ ನೇರಳೆ ಬಣ್ಣ ಮಾಡಿದರು. ಆ ಶತಮಾನ ಮುಗಿಯುವುದರೊಳಗೆ ಇಂಥ ಬಣ್ಣಗಳು ಇಲ್ಲಿನ ಮಗ್ಗಗಳಿಗೂ ಬಂದವು. ಬಿಸಿಲು ಕಂಡರೆ ಮಾಸುವ ಈ ಬಣ್ಣ ಸಂಗ್ರಹಕಾರರಿಗೆ ಸೇರಲ್ಲ. ನನಗೆ ತುಂಬಾ ಇಷ್ಟವಾಯಿತು. ಹೊಸ ಬಣ್ಣದ ನೂಲು ಮೊದಲ ಸಲ ಕೈಗೆ ಬಂದಾಗ ನೇಯ್ದವಳಿಗೆ ಎಷ್ಟು ಖುಷಿಯಾಗಿರಬೇಕು, ಅಲ್ವಾ?

ಮ್ಯೂಸಿಯಂನವರು ನೋಡಿ, ದೇಶದಿಂದ ಹೊರಗೆ ಒಯ್ಯಬಹುದು ಅಂತ ಕಾಗದ ಕೊಡುವವರೆಗೆ ಅದನ್ನು ಕೊಡಲ್ಲ ಅಂದರು. ಎರಡು ದಿನ ಕಾದೆ.

ಅದಕ್ಕೂ ಮೊದಲೇ ಇನ್ನೊಂದು ಅಂಗಡಿಯಲ್ಲಿ ಅಂಗೈ ಅಗಲದ ತುಂಡು ಕೊಂಡಿದ್ದೆ. "ಇಷ್ಟು ಸಣ್ಣದಕ್ಕೆ ಕಾಗದ ಯಾಕೆ" ಅಂದಿದ್ದ ಅಂಗಡಿಯವ. ರಸೀದಿಯಲ್ಲಿ ಮಾತ್ರ ನೂರು ವರ್ಷಕ್ಕೂ ಹಳೆಯದು ಅಂತ ದೊಡ್ಡದಾಗಿ ಬರೆದುಕೊಟ್ಟಿದ್ದ. ವಿಮಾನ ನಿಲ್ದಾಣದಲ್ಲಿ ಚೀಲ ತೆಗೆಸಿದರು. ತುಂಡು, ರಸೀದಿ ಎರಡೂ ಅಲ್ಲೇ ಉಳಿದವು. ತಪಾಸಣೆಯವರದ್ದು ತಪ್ಪಿಲ್ಲ, 1983ರ 2863ನೇ ಕಾನೂನು ಪ್ರಾಚೀನ ವಸ್ತುಗಳನ್ನು ಹೊರಗೆ ಬಿಡುವುದಿಲ್ಲ. ಆ ಅಂಗಡಿಯವನ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಹಳೇ ನೇಯ್ಗೆ ಕೊಳ್ಳುವುದಾದರೆ ಮ್ಯೂಸಿಯಂ ಕಾಗದ ಕೈಗೆ ಬಂದ ಮೇಲೆಯೇ ದುಡ್ಡು ಕೊಡಿ. ತುಂಡು ಎಷ್ಟೇ ಸಣ್ಣದಿರಲಿ.

ನೇರಳೆ ತುಂಡು ಮನೆಗೆ ಬಂತು. ಗೋಂದು ಮುಟ್ಟಿಸಬೇಡಿ ಅಂತ ಮೊಮ್ಮಗ ನಾಲ್ಕು ಸಲ ಹೇಳಿದ್ದ. ಮರದ ಚೌಕಟ್ಟಿಗೆ ಹತ್ತಿ ಬಟ್ಟೆ ಬಿಗಿದು, ಅದರ ಮೇಲೆ ಸಣ್ಣ ಸಣ್ಣ ಹೊಲಿಗೆ ಹಾಕಿ ಕೂರಿಸಿದೆ. ಹರಿದುಹೋದ ಬಲಗಡೆಗೆ ಅಷ್ಟೇ ಅಗಲದ ಬರೀ ಬಟ್ಟೆ ಬಿಟ್ಟಿದ್ದೇನೆ. ಬಿಸಿಲು ಬೀಳದ ಗೋಡೆಯಲ್ಲಿದೆ. ನುಸಿ ಹತ್ತಿದೆಯಾ ಅಂತ ಆಗಾಗ ಕುಚ್ಚು ಬಿಡಿಸಿ ನೋಡುತ್ತೇನೆ. ಬುಡದಲ್ಲಿ ನೇರಳೆ ಹಾಗೇ ಇದೆ.