ಮೊದಲು ಆ ಏರ್ ಗನ್ ಕೆಳಗಿಡಿ

ಬ್ಯಾಡಗಿ ಸೀಮೆಯ ಒಂದು ಖಾರದಪುಡಿ ಘಟಕದಲ್ಲಿ ನಾನು ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಧೂಳು ಅಂದ್ರೆ ಸುಮ್ನೆ ಒರೆಸಿದರೆ ಹೋಗುವಂಥದ್ದಲ್ಲ. ಬ್ಯಾಡಗಿ ಕಾಯಿಯ ಬಣ್ಣ ಇರುವುದೇ ಅದರ ಎಣ್ಣೆಯಂಶದಲ್ಲಿ. ಡಬ್ಬಿ ತಳಿಯಿರಲಿ, ಕಡ್ಡಿ ತಳಿಯಿರಲಿ, ಪುಡಿ ಕೂತ ಜಾಗ ಬಿಡುವುದಿಲ್ಲ. ಸ್ವಲ್ಪ ತೇವ ಸಿಕ್ಕರೆ ಅಲ್ಲೇ ಗಟ್ಟಿಯಾಗುತ್ತದೆ.

ಹೋದ ಸೀಸನ್‌ನಲ್ಲಿ ಒಂದು ಸೆಕೆಂಡ್ ಶಿಫ್ಟ್. ಡಿಸ್ಪ್ಯಾಚ್ ಲಾರಿ ಗೇಟಿನ ಹತ್ತಿರ ನಿಂತಿತ್ತು. ಆಗರ್ ಫಿಲ್ಲರ್, ಅಂದ್ರೆ ಸ್ಕ್ರೂ ತಿರುಗಿಸಿ ಪುಡಿ ತುಂಬುವ ಮೆಷಿನ್, 100 ಗ್ರಾಂ ಪ್ಯಾಕೆಟ್ ತುಂಬುತ್ತಾ ತುಂಬುತ್ತಾ ಗಕ್ಕನೆ ನಿಂತಿತು. ಡ್ರೈವ್ (ಮೋಟಾರ್ ಓಡಿಸುವ ಕಂಟ್ರೋಲ್ ಪೆಟ್ಟಿಗೆ) ಮೇಲೆ ಎನ್‌ಕೋಡರ್ (ಮೋಟಾರ್ ಎಷ್ಟು ತಿರುಗಿತು ಅಂತ ಅಳೆಯುವ ಭಾಗ) ಅಲಾರಾಂ. ರಿಸೆಟ್ ಕೊಟ್ಟರೆ ಓಡುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ನಿಲ್ಲುತ್ತದೆ. ಸ್ಕ್ರೂ ಅರ್ಧ ತಿರುಗಿ ನಿಂತಾಗೆಲ್ಲ ಒಂದು ಪ್ಯಾಕೆಟ್ ಅರ್ಧ ತುಂಬಿ ಬರುತ್ತಿತ್ತು. ತೂಕ ನೋಡುವ ಚೆಕ್‌ವೇಯರ್ ಅದನ್ನು ಪಕ್ಕಕ್ಕೆ ತಳ್ಳುತ್ತಿತ್ತು. ರಿಜೆಕ್ಟ್ ಟ್ರೇ ತುಂಬಿತು.

ಮೊದಲು ಎಲ್ಲರ ಕಣ್ಣು ಡ್ರೈವ್ ಮೇಲೆ. ಪ್ಯಾರಾಮೀಟರ್ ನೋಡಿದೆವು, ಅರ್ಥಿಂಗ್ ನೋಡಿದೆವು, ಕೇಬಲ್ ಅಲ್ಲಾಡಿಸಿದೆವು. ಇತ್ತ ಪ್ರೊಡಕ್ಷನ್ ಕಡೆಯಿಂದ ಫೋನ್ ಮೇಲೆ ಫೋನ್. ಅಷ್ಟರಲ್ಲಿ ನಮ್ಮ ಹೆಲ್ಪರ್ ಹುಡುಗ ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದರಲ್ಲಿ ಏರ್ ಗನ್ (ಜೋರು ಗಾಳಿ ಹೊಡೆದು ಧೂಳು ಹಾರಿಸುವ ನಳಿಗೆ) ಹಿಡಿದು ಸ್ಟೂಲ್ ಹತ್ತಿಬಿಟ್ಟಿದ್ದ. ಸ್ಕ್ರೂ ತಿರುಗಿಸುವ ಸರ್ವೋ ಮೋಟಾರಿನ ಹಿಂದಿನ ಮುಚ್ಚಳದ ಮೊದಲ ಸ್ಕ್ರೂಗೆ ಡ್ರೈವರ್ ಇಟ್ಟಾಗಿತ್ತು. ಕೆಳಗಿನಿಂದ ಇನ್‌ಚಾರ್ಜ್ ಕೂಗುತ್ತಿದ್ದರು: "ಕವರ್ ತಗದು ಒಮ್ಮೆ ಹವಾ ಹೊಡಿ, ಎಲ್ಲಾ ಹೋಗ್ತದ!"

ನಾನು ಅವನ ಕೈ ಹಿಡಿದೆ. "ಮೊದಲು ಆ ಗನ್ ಕೆಳಗಿಡು" ಅಂದೆ. ಆಮೇಲೆ ನಡೆದದ್ದು ಜಗಳವೇ. ಲಾರಿ ಬಾಡಿಗೆ ಯಾರು ಕೊಡುತ್ತಾರೆ, ಶಿಫ್ಟ್ ಟಾರ್ಗೆಟ್ ಏನಾಗಬೇಕು, ನಿಮಗೆ ಮೆಷಿನ್ ಓಡುವುದು ಬೇಕಾಗಿಲ್ಲವೇ, ಎಲ್ಲ ಮಾತೂ ಬಂತು. ನಾನು ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಅಂದ್ರೆ, ಆ ಮುಚ್ಚಳದ ಕೆಳಗೆ ಇರುವುದು ಆಪ್ಟಿಕಲ್ ಎನ್‌ಕೋಡರ್. ಸಣ್ಣದೊಂದು ಡಿಸ್ಕ್, ಅದರ ಮೇಲೆ ಕೂದಲಿಗಿಂತ ಸಣ್ಣ ಗೆರೆಗಳು, ಒಂದು ಕಡೆ ಬೆಳಕು, ಅದನ್ನು ಓದಲು ಒಂದು ಸೆನ್ಸರ್. 17 ಬಿಟ್ ಎನ್‌ಕೋಡರ್ ಅಂದ್ರೆ ಒಂದು ಸುತ್ತಿಗೆ 1,31,072 ಕೌಂಟ್. ಅಂಥ ಡಿಸ್ಕಿನ ಮೇಲೆ ಎಣ್ಣೆಯಂಶದ ಒಂದು ಕಣ ಕೂತರೂ ಓದು ತಪ್ಪಬಹುದು. ಅದನ್ನು ಖಾರದಪುಡಿ ಹಾರಾಡುವ ಹಾಲ್‌ನಲ್ಲಿ ತೆರೆಯುವುದಾ? ಎನ್‌ಕೋಡರ್ ಜಾಗ ಸ್ವಲ್ಪ ಸರಿದರೂ ರೋಟರ್ ಮ್ಯಾಗ್ನೆಟ್ ಜೊತೆಗಿನ ಹೊಂದಾಣಿಕೆ ಹೋಗುತ್ತದೆ. ಮತ್ತೆ ಕೂರಿಸುವುದು ನಮ್ಮ ಸ್ಪ್ಯಾನರ್ ಕೆಲಸವಲ್ಲ.

ಪವರ್ ಆಫ್ ಮಾಡಿಸಿ, ಹೊರಗಿನದೆಲ್ಲ ಒರೆಸಿ, ಎನ್‌ಕೋಡರ್ ಕನೆಕ್ಟರ್ ಮಾತ್ರ ಬಿಚ್ಚಿದೆ. ಒಳಗಿನ ರಬ್ಬರ್ ರಿಂಗ್ ಇರಲೇ ಇಲ್ಲ. ಯಾವಾಗಲೋ ಬಿಚ್ಚಿದವರು ರಿಂಗ್ ಕಳೆದು, ಮೇಲೆ ಇನ್ಸುಲೇಷನ್ ಟೇಪ್ ಸುತ್ತಿದ್ದರು. ಟೇಪಿನ ಗೋಂದಿಗೆ ಪುಡಿ ಮೆತ್ತಿತ್ತು. ಪಿನ್‌ಗಳ ನಡುವೆ ಉಪ್ಪಿನಕಾಯಿ ಮಸಾಲೆಯಂಥ ಕೆಂಪು ಪೇಸ್ಟ್. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ನೂಲು ಬಿಡದ ಬಟ್ಟೆಯಲ್ಲಿ ಪಿನ್ ಪಿನ್ ಒರೆಸಿ, ಸ್ಪೇರ್ ಕೇಬಲ್‌ನ ರಿಂಗ್ ತೆಗೆದು ಹಾಕಿದೆ. ಮೆಷಿನ್ ಓಡಿತು. ಲಾರಿ ತಡವಾಗಿ ಹೋಯಿತು, ಆದರೆ ಹೋಯಿತು.

ಮರುದಿನ ಮೀಟಿಂಗ್‌ನಲ್ಲಿ ಬಂದ ಪ್ರಶ್ನೆ: "ಮೋಟಾರ್ ಐಪಿ65 ಅಲ್ವಾ, ಧೂಳು ಹೇಗೆ ಹೋಯಿತು?" ಐಪಿ ನಂಬರ್ ಅಂದ್ರೆ ಧೂಳು, ನೀರಿನಿಂದ ಎಷ್ಟು ರಕ್ಷಣೆ ಅನ್ನುವ ಗುರುತು. 6 ಅಂದ್ರೆ ಧೂಳು ಒಳಗೆ ಬರಲ್ಲ, 5 ಅಂದ್ರೆ ನೀರಿನ ಜೆಟ್ ತಡೆಯುತ್ತದೆ, ನಿಜ. ಆದರೆ ಸರ್ವೋ ಮೋಟಾರುಗಳ ಡೇಟಾಶೀಟ್‌ನಲ್ಲಿ ಆ ನಂಬರಿನ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಷರತ್ತು ಇರುತ್ತದೆ: ಶಾಫ್ಟ್ ಹೊರಬರುವ ಜಾಗ ಬಿಟ್ಟು, ಅಥವಾ ಆಯಿಲ್ ಸೀಲ್ (ಶಾಫ್ಟ್ ಸುತ್ತ ಕೂರುವ ಸೀಲ್) ಮತ್ತು ಸೀಲ್ ಇರುವ ಕನೆಕ್ಟರ್ ಹಾಕಿದ್ದರೆ ಮಾತ್ರ. ಆಯಿಲ್ ಸೀಲ್ ಎಷ್ಟೋ ಮಾಡೆಲ್‌ಗಳಲ್ಲಿ ಬೇರೆಯಾಗಿ ಕೇಳಿ ತರಿಸಬೇಕು. ಪರ್ಚೇಸ್‌ನವರು ಕೊಟೇಶನ್‌ನಲ್ಲಿ ಮೊದಲು ಕತ್ತರಿಸುವುದು ಅದನ್ನೇ.

ಇನ್ನು ಏರ್ ಗನ್. ಐಪಿ6 ಧೂಳು ಪರೀಕ್ಷೆಯಲ್ಲಿ ಟಾಲ್ಕಂ ಪುಡಿ ಹಾರುವ ಪೆಟ್ಟಿಗೆಯಲ್ಲಿಟ್ಟು ಮೋಟಾರಿನ ಒಳಗಿನ ಗಾಳಿ ಎಳೆಯುತ್ತಾರೆ. ಆ ಎಳೆತ 2 ಕಿಲೋಪ್ಯಾಸ್ಕಲ್ ಮೀರಬಾರದು. ನಮ್ಮ ಲೈನಿನ ಗಾಳಿ 6 ಬಾರ್, ಅಂದ್ರೆ 600 ಕಿಲೋಪ್ಯಾಸ್ಕಲ್. ನಳಿಗೆಯನ್ನು ಸೀಲಿನ ಅಂಚಿಗೇ ಹಿಡಿದರೆ ಆ ನಂಬರಿನ ಭರವಸೆ ಎಲ್ಲಿ ಉಳಿಯುತ್ತದೆ?

ಅದಕ್ಕಿಂತ ಕೆಟ್ಟದ್ದು ನಮ್ಮ ವೇಳೆ. ಎಸ್‌ಒಪಿ (ಕೆಲಸ ಹೀಗೇ ಮಾಡಬೇಕು ಅಂತ ಬರೆದಿಟ್ಟ ಕ್ರಮ) ಪ್ರಕಾರ ಏರ್ ಕ್ಲೀನಿಂಗ್ ಶಿಫ್ಟ್ ಮುಗಿದ ಮೇಲೆ. ಆಗ ಮೋಟಾರ್ ಬಿಸಿಯಿರುತ್ತದೆ, ಆಗಷ್ಟೇ ತಣಿಯತೊಡಗುತ್ತದೆ. ತಣಿದಾಗ ಒಳಗಿನ ಗಾಳಿ ಕುಗ್ಗಿ, ಹೊರಗಿನದನ್ನು ಸಿಕ್ಕ ಸಂದಿಯಿಂದ ಎಳೆದುಕೊಳ್ಳುತ್ತದೆ. ಸರಿಯಾಗಿ ಅದೇ ಹೊತ್ತಿಗೆ ನಾವು ಹಾಲ್ ತುಂಬ ಪುಡಿ ಎಬ್ಬಿಸುತ್ತೇವೆ. ಮಳೆಗಾಲದಲ್ಲಿ ಜೊತೆಗೆ ತೇವವೂ ಒಳಗೆ. ಈ ಸಾಲನ್ನು ಎಸ್‌ಒಪಿಯಲ್ಲಿ ಬರೆದವರು ಒಂದು ಸಂಜೆ ಮೆಷಿನ್ ಪಕ್ಕ ನಿಂತಿದ್ದರೆ ಬರೆಯುತ್ತಿರಲಿಲ್ಲ. ನನಗೆ ಇದರ ಮೇಲೆ ಇವತ್ತಿಗೂ ಸಿಟ್ಟಿದೆ.

ಈಗ ಫಿಲ್ಲರ್ ಹತ್ತಿರ ಏರ್ ಲೈನಿನ ಕಪ್ಲಿಂಗ್ ತೆಗೆಸಿದ್ದೇನೆ. ಬ್ರಷ್ ಮತ್ತು ಬಟ್ಟೆ ಮಾತ್ರ. ಕೇಬಲ್ ಕನೆಕ್ಟರ್‌ಗಿಂತ ಕೆಳಗೆ ಒಂದು ಬಳುಕು ಕೊಟ್ಟು ಆಮೇಲೆ ಮೇಲೆ ಹೋಗುವಂತೆ ಕಟ್ಟಿಸಿದ್ದೇವೆ, ತೊಳೆದ ನೀರು ಕೇಬಲ್ ಹಿಡಿದು ಪಿನ್ ಕಡೆ ಇಳಿಯಬಾರದು ಅಂತ. ಬಿಚ್ಚಿದ ಪ್ರತಿ ಕನೆಕ್ಟರ್‌ಗೆ ಹೊಸ ರಿಂಗ್. ಟೇಪ್ ಸುತ್ತಿದ್ದು ಕಂಡರೆ ಆ ಮೆಷಿನ್ ನಾನು ಹ್ಯಾಂಡೋವರ್ ತಗೊಳ್ಳುವುದಿಲ್ಲ.

ವ್ಯಾಕ್ಯೂಮ್ ಕ್ಲೀನರ್‌ಗೆ ಇಂಡೆಂಟ್ (ಖರೀದಿ ಬೇಡಿಕೆ) ಹಾಕಿದ್ದೇನೆ. ಅಂಗಡಿಯ ಮಾಮೂಲಿ ಮಾಡೆಲ್ ಸಾಕಲ್ವಾ ಅಂತ ವಾಪಸ್ ಬಂತು. ಖಾರದಪುಡಿ ಗಾಳಿಯಲ್ಲಿ ದಟ್ಟವಾಗಿ ಹರಡಿದಾಗ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಧೂಳು, ಮಾಮೂಲಿ ವ್ಯಾಕ್ಯೂಮ್‌ನ ಕಾರ್ಬನ್ ಬ್ರಷ್ ಇರುವ ಮೋಟಾರ್ ಕಿಡಿ ಹಾರಿಸುತ್ತದೆ, ಅಂಥ ಧೂಳಿಗೆಂದೇ ಮಾಡಿದ್ದು ಬೇಕು ಅಂತ ಬರೆದು ಮತ್ತೆ ಕಳಿಸಿದ್ದೇನೆ. ಹೊಸ ಕಾಯಿ ಮಾರ್ಕೆಟ್‌ಗೆ ಬರುವ ಮೊದಲು ಅದು ಬರಬೇಕು.