ಬಾರ್ಥೆಲ್ 20 ಅಂದ್ರೆ ಎಷ್ಟಕ್ಕೆ 20?

ರಿಹ್ಯಾಬ್‌ನಲ್ಲಿ, ಅಂದ್ರೆ ಸ್ಟ್ರೋಕ್ ಅಥವಾ ಪೆಟ್ಟು ಆದೋರು ಮತ್ತೆ ತಮ್ಮ ಕೆಲಸ ತಾವೇ ಮಾಡ್ಕೊಳ್ಳೋ ಹಾಗೆ ಮಾಡೋ ಚಿಕಿತ್ಸೆಯಲ್ಲಿ, ಕೆಲಸ ಮಾಡೋರಿಗೆ ಇದು ದಿನಾ ನೋಡೋ ವಿಷಯ. ಬೇರೆ ಕಡೆಯಿಂದ ಪೇಷಂಟ್ ಬರ್ತಾರೆ, ಡಿಸ್ಚಾರ್ಜ್ ಸಮ್ಮರಿ ಕೊನೇಲಿ "ಬಾರ್ಥೆಲ್ 20" ಅಂತಷ್ಟೇ ಇರತ್ತೆ. ಬಾರ್ಥೆಲ್ ಅಂದ್ರೆ ಊಟ, ಸ್ನಾನ, ನಡಿಗೆ ಥರದ ದಿನದ ಕೆಲಸಗಳನ್ನ ಪೇಷಂಟ್ ಎಷ್ಟು ತಾವೇ ಮಾಡ್ಕೋತಾರೆ ಅಂತ ಅಳೆಯೋ ಸ್ಕೇಲ್. ಎಷ್ಟಕ್ಕೆ 20? 1965ರ ಮೂಲ ಬಾರ್ಥೆಲ್ ಇಂಡೆಕ್ಸ್ 100ಕ್ಕೆ ಇರೋದು, ಅದರಲ್ಲಿ 20 ಅಂದ್ರೆ ಹೆಚ್ಚುಕಮ್ಮಿ ಎಲ್ಲಾದಕ್ಕೂ ಇನ್ನೊಬ್ಬರ ಆಸರೆ ಬೇಕು ಅಂತ. ಆದ್ರೆ ಆಮೇಲೆ ಬಂದ ಒಂದು ವರ್ಷನ್ 20ಕ್ಕೇ ಮುಗಿಯತ್ತೆ, ಅದರ ಪ್ರಕಾರ ಇವರು ಊಟ ಸ್ನಾನ ಮೆಟ್ಟಿಲು ಎಲ್ಲಾ ತಾವೇ ನೋಡ್ಕೋತಾರೆ. ಯಾವ ವರ್ಷನ್ ಅಂತ ಒಂದು ಪದ ಬರೆದಿದ್ರೆ ಸಾಕಿತ್ತು.

ಕೋಲು ಹಿಡ್ಕೊಂಡು ಯಾರ ಸಹಾಯಾನೂ ಇಲ್ದೆ ನಡೆಯೋರನ್ನ ತಗೊಳ್ಳಿ. ಇಂಥದ್ದನ್ನೇ ಅಳೆಯೋ ಎಫ್‌ಐಎಂ ಅನ್ನೋ ಇನ್ನೊಂದು ಸ್ಕೇಲ್‌ನಲ್ಲಿ ಒಂದೊಂದು ಕೆಲಸಕ್ಕೂ 1ರಿಂದ 7ರವರೆಗೆ ಅಂಕ, ಅಲ್ಲಿ ಅವರಿಗೆ 6, ಯಾಕಂದ್ರೆ 7 ಸಿಗ್ಬೇಕಂದ್ರೆ ಕೋಲೂ ಇರಬಾರದು. ಅಮೆರಿಕದ ರಿಹ್ಯಾಬ್ ಆಸ್ಪತ್ರೆಗಳಲ್ಲಿ 2019ರ ಅಕ್ಟೋಬರ್‌ನಿಂದ ಎಫ್‌ಐಎಂ ಬದಲು ಬಂದಿರೋ ಸೆಕ್ಷನ್ ಜಿಜಿ ಅನ್ನೋ ಸ್ಕೇಲ್‌ನಲ್ಲೂ ಅವರಿಗೆ 6, ಆದ್ರೆ ಅಲ್ಲಿ 6ಏ ಟಾಪ್, ಕೋಲು ಇದ್ರೂ ಅಂಕ ಕಟ್ ಆಗಲ್ಲ. ಎರಡನ್ನೂ ಒಂದೇ ಚಾರ್ಟ್‌ಗೆ ಹಾಕಿದ್ರೆ ಯಾರಿಗೆ ಏನು ಗೊತ್ತಾಗ್ಬೇಕು ಹೇಳಿ?

ನಂಗೆ ಇದಕ್ಕಿಂತ ಜಾಸ್ತಿ ಕೊರೆಯೋದು ಟೋಟಲ್ ಮಾತ್ರ ಬರೆಯೋ ಅಭ್ಯಾಸ. ಕಾಲಲ್ಲಿ ಶಕ್ತಿ ಇಲ್ಲದ ಒಬ್ಬರು ತಾವೇ ಊಟ ಮಾಡ್ತಾರೆ, ವೀಲ್‌ಚೇರ್ ತಾವೇ ತಳ್ಕೊಂಡು ಹೋಗ್ತಾರೆ, ಮೆಟ್ಟಿಲು ಆಗಲ್ಲ, ಸ್ನಾನ ಯಾರಾದ್ರೂ ಮಾಡಿಸ್ಬೇಕು, ಬಟ್ಟೆ, ಟಾಯ್ಲೆಟ್, ಮಂಚದಿಂದ ಇಳಿಯೋದು ಇದಕ್ಕೆಲ್ಲ ಸ್ವಲ್ಪ ಆಸರೆ ಕೊಡ್ಬೇಕು: ಬಾರ್ಥೆಲ್‌ನಲ್ಲಿ ನೂರಕ್ಕೆ 60. ಇನ್ನೊಬ್ಬರು ಆರಾಮಾಗಿ ಮೆಟ್ಟಿಲು ಹತ್ತಿ ಇಳೀತಾರೆ, ಆದ್ರೆ ಎರಡೂ ಕೈ ಏಳಲ್ಲ, ತುತ್ತು ಬಾಯಿಗೆ ಇಡೋದ್ರಿಂದ ಹಿಡಿದು ಮುಖ ತೊಳೆಯೋದು, ಸ್ನಾನ, ಬಟ್ಟೆ, ಟಾಯ್ಲೆಟ್‌ವರೆಗೆ ಎಲ್ಲಾ ಬೇರೆಯವರೇ ಮಾಡ್ಬೇಕು: ಇವರಿಗೂ 60. ಒಬ್ಬರ ಮನೆಯವರಿಗೆ ರ‍್ಯಾಂಪ್ ಬಗ್ಗೆ ಹೇಳ್ಬೇಕು, ಇನ್ನೊಬ್ಬರ ಮನೆಯವರಿಗೆ ದಿನಪೂರ್ತಿ ಜೊತೆಗೆ ಯಾರಿರ್ತಾರೆ ಅಂತ ಕೇಳ್ಬೇಕು. 60 ನೋಡಿ ಇದು ಹೇಗೆ ಗೊತ್ತಾಗತ್ತೆ?

ಹಾಗಂತ ಎಲ್ಲರೂ ಒಂದೇ ಸ್ಕೇಲ್ ಬಳಸಿ ಅಂತ ನಾನು ಹೇಳ್ತಿಲ್ಲ, ಸ್ಟ್ರೋಕ್‌ಗೆ ಬೇಕಾಗಿದ್ದೇ ಬೇರೆ, ಬೆನ್ನುಹುರಿ ಪೆಟ್ಟಿಗೆ ಬೇಕಾಗಿದ್ದೇ ಬೇರೆ. ಸ್ಕೇಲ್ ಯಾವುದಾದ್ರೂ ಇರ್ಲಿ, ರಿಪೋರ್ಟ್ ಮಾತ್ರ ಎಲ್ಲರಿಗೂ ಅರ್ಥ ಆಗೋ ಒಂದೇ ಚೌಕಟ್ಟಲ್ಲಿ ಬರ್ಲಿ. ಆ ಚೌಕಟ್ಟು ಇದೆ, ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯೂಎಚ್‌ಓ) 2001ರಲ್ಲೇ ತಂದ ಐಸಿಎಫ್ ಅನ್ನೋ ಕೋಡ್ ಪಟ್ಟಿ. ಅದರಲ್ಲಿ ನಡೆಯೋದಕ್ಕೆ ಡಿ450, ಊಟ ಮಾಡೋದಕ್ಕೆ ಡಿ550, ಹೀಗೆ ಒಂದೊಂದಕ್ಕೂ ಕೋಡ್ ಇದೆ, ತೊಂದರೆ ಎಷ್ಟು ಅಂತ 0ಯಿಂದ 4ರವರೆಗೆ ಹಾಕ್ಬೋದು. ಅಷ್ಟೊಂದು ಕೋಡ್ ಯಾರು ತುಂಬ್ತಾರೆ ಅನ್ನೋರಿಗೆ ರಿಹ್ಯಾಬ್‌ಗೇ ಅಂತ ಆರಿಸಿದ 30 ಐಟಂಗಳ ಸೆಟ್ಟೂ ಇದೆ.

ಐಸಿಎಫ್‌ನಲ್ಲಿ ನಂಗೆ ತುಂಬಾ ಮುಖ್ಯ ಅನ್ಸೋದು, ಟೆಸ್ಟ್ ಮಾಡುವಾಗ ಏನು ಮಾಡಬಲ್ಲರು ಮತ್ತು ತಮ್ಮ ಜಾಗದಲ್ಲಿ ನಿಜವಾಗಿ ಏನು ಮಾಡ್ತಿದಾರೆ ಅನ್ನೋದನ್ನ ಬೇರೆ ಬೇರೆ ಬರೆಯೋ ವ್ಯವಸ್ಥೆ. ಥೆರಪಿ ಹಾಲ್‌ನ ಸಮತಟ್ಟು ನೆಲದ ಮೇಲೆ ಚೆನ್ನಾಗಿ ನಡೆದೋರು ಮನೇಲಿ ಹೊಸ್ತಿಲು ದಾಟೋಕೆ ಭಯಪಟ್ಟು ಕೂತಲ್ಲೇ ಇರ್ಬೋದು, ಇದಕ್ಕೆ ಒಂದೇ ಅಂಕ ಹಾಕಿದ್ರೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಿದ ಹಾಗೆ ಕಾಣತ್ತೆ, ಥೆರಪಿಸ್ಟ್ ಇಲ್ಲಾ ಮನೆಯವರು.

ಹೊಸ ಸಾಫ್ಟ್‌ವೇರ್ ಬರೋವರೆಗೂ ಕಾಯ್ಬೇಕಾಗಿಲ್ಲ. ಸ್ಕೇಲ್ ಹೆಸರು, ವರ್ಷನ್, ಎಷ್ಟಕ್ಕೆ ಎಷ್ಟು, ಯಾವ ತಾರೀಕು, ಕೋಲು ವಾಕರ್ ಇತ್ತಾ, ಕಣ್ಣಾರೆ ನೋಡಿ ಹಾಕಿದ್ದಾ ಇಲ್ಲಾ ಕೇಳಿ ಹಾಕಿದ್ದಾ, ಮತ್ತೆ ಟೋಟಲ್ ಜೊತೆ ಪ್ರತಿ ಐಟಂ ಸ್ಕೋರ್. ಸಮ್ಮರಿಯಲ್ಲಿ ನಾಲ್ಕೈದು ಸಾಲು ಜಾಸ್ತಿ ಆಗತ್ತೆ, ಮುಂದಿನ ಟೀಮ್ ಮೊದಲನೇ ದಿನಾನೇ ಟ್ರೀಟ್ಮೆಂಟ್ ಶುರು ಮಾಡ್ಬೋದು.