ಪಾಠ ಒಪ್ಪಿಸಿಕೊಳ್ಳುವ ಕಿವಿ

ಸರ್ಕಾರಿ ಶಾಲೆಯಲ್ಲಿ ಪೋಷಕರಿಗೆ ಸ್ಥಾನವಿಲ್ಲವೆಂದು ಯಾರೂ ಹೇಳುವಂತಿಲ್ಲ. ನಾವೆಲ್ಲ ಎಸ್‌ಡಿಎಂಸಿ ಎಂದು ಕರೆಯುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಕರ್ನಾಟಕದಲ್ಲಿ 2001ರಲ್ಲಿಯೇ ರೂಪುಗೊಂಡವು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಇಂಥ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೂ ಅರ್ಧದಷ್ಟು ಮಹಿಳೆಯರೂ ಇರಬೇಕೆಂದು ವಿಧಿಸಿತು. ಆದರೂ ಶಿಕ್ಷಕನಾಗಿ ನಾನು ಕುಳಿತ ಸಭೆಗಳಲ್ಲಿ ಸೋರುವ ಮಾಳಿಗೆ, ಕಾಂಪೌಂಡು, ಶೌಚಾಲಯದ ನೀರು ಇವುಗಳ ಬಗ್ಗೆ ನಡೆದಷ್ಟು ಚರ್ಚೆ, ಮೂರನೆಯ ತರಗತಿಯ ಎಷ್ಟು ಮಕ್ಕಳು ಒತ್ತಕ್ಷರಗಳನ್ನು ತಡವರಿಸದೆ ಓದುತ್ತಾರೆಂಬ ಬಗ್ಗೆ ನಡೆಯಲಿಲ್ಲ. ಅದಕ್ಕೆ ಪೋಷಕರನ್ನು ದೂರಲು ನನಗೆ ಮನಸ್ಸಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಹೊಲದ ಕೆಲಸಕ್ಕೆ ಹೋಗುವವರ ಆ ದಿನದ ಕೂಲಿ ಹೋಗುತ್ತದೆ. ಅಷ್ಟಾಗಿಯೂ ಬಂದವರಿಗೆ ನಾವು ಮೊದಲು ತೋರಿಸುವುದು ಸಹಿ ಹಾಕಬೇಕಾದ ಜಾಗವನ್ನು.

ಕೆಲವು ವರ್ಷಗಳ ಹಿಂದೆ, ಚಿಕ್ಕ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಯ ಹುಡುಗಿಯೊಬ್ಬಳ ತಾಯಿ, "ನನಗೇನ್ ತಿಳೀತದ್ರೀ ಸರ, ನಾ ಹೆಬ್ಬಟ್ಟಿನಾಕಿ" ಎನ್ನುತ್ತ ಬಾಗಿಲಲ್ಲಿಯೇ ನಿಂತರು. ಮಗಳು ಕಾಗುಣಿತದವರೆಗೆ ಸಲೀಸಾಗಿ ಬಂದು ಒತ್ತಕ್ಷರಗಳಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡಿದ್ದಳು. ಸಂಜೆ ರೊಟ್ಟಿ ಬಡಿಯುವಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಸದ್ದನ್ನು ಮೀರಿ ಕೇಳಿಸುವಷ್ಟು ಗಟ್ಟಿಯಾಗಿ ಒಂದು ಪುಟ ಓದಿಸಿ, ಕಥೆಯಲ್ಲಿ ಮುಂದೇನಾಯಿತೆಂದು ಕೇಳಿರಿ ಎಂದಷ್ಟೇ ನಾನು ಕೋರಿದೆ.

ತಾಯಿಗೆ ಓದು ಬಾರದಿದ್ದುದು ಅಡ್ಡಿಯಾಗಲಿಲ್ಲ. ಅಕ್ಷರ ತಪ್ಪಿದರೆ ಗದರುವವರು ಅಲ್ಲಿರಲಿಲ್ಲ, ಓದಿದ್ದು ತಿಳಿಯದಿದ್ದರೆ ತಾಯಿ "ಹಂಗಂದ್ರ?" ಎನ್ನುತ್ತಿದ್ದರು, ಅದನ್ನು ತಿಳಿಸಿ ಹೇಳುವ ಹೊಣೆ ಮಗಳ ಮೇಲೆ ಬೀಳುತ್ತಿತ್ತು, ಹೇಳಬೇಕೆಂದೇ ಅವಳು ವಾಕ್ಯವನ್ನು ಮತ್ತೆ ಓದುತ್ತಿದ್ದಳು. ನನ್ನ ತರಗತಿಯಲ್ಲಿ ಅವಳು ಅಕ್ಷರಗಳನ್ನು ಕೂಡಿಸುತ್ತಿದ್ದಳು, ಅಡುಗೆಮನೆಯಲ್ಲಿ ಓದುತ್ತಿದ್ದಳು. ಈ ವ್ಯತ್ಯಾಸವನ್ನು ಇಷ್ಟು ವರ್ಷ ಪಾಠ ಮಾಡಿಯೂ ನಾನು ಗಮನಿಸಿರಲಿಲ್ಲವೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಎರಡು ತಿಂಗಳಾದ ಮೇಲೂ ಒತ್ತಕ್ಷರ ಬಂದಲ್ಲಿ ಅವಳು ನಿಲ್ಲುತ್ತಿದ್ದಳು, ಆದರೆ ಪುಸ್ತಕ ಮುಚ್ಚುತ್ತಿರಲಿಲ್ಲ.

ಅಂಕಪಟ್ಟಿ ನೋಡಿ ಪಕ್ಕದ ಮನೆಯ ಮಗುವಿನೊಡನೆ ಹೋಲಿಸುವ, ಮನೆಪಾಠಕ್ಕೆ ಹಣ ಕಟ್ಟಿ ನಿಶ್ಚಿಂತರಾಗುವ ಓದಿದ ಪೋಷಕರನ್ನೂ ನಾನು ಕಂಡಿದ್ದೇನೆ. ಅವರಿಗೂ ಮಗುವಿನ ಮೇಲೆ ಪ್ರೀತಿಯಿಲ್ಲವೆಂದಲ್ಲ. ದಿನಕ್ಕೆ ಹತ್ತು ನಿಮಿಷ ಮಗು ಓದುವುದನ್ನು ಕೇಳುವುದೂ ಶಿಕ್ಷಣವೇ ಎಂದು ಅವರಿಗೆ ಯಾರೂ ಹೇಳಿಲ್ಲ, ನಾವು ಶಿಕ್ಷಕರೂ ಹೇಳಿಲ್ಲ.

ಮುಂದೆ ನಾವು ಸಭೆಯನ್ನು ಸಂಜೆಗೆ ಬದಲಿಸಿದೆವು. ಮೊದಲ ಸಂಜೆಯೇ ಆ ತಾಯಿ ಎದ್ದು ನಿಂತು, ಮನೆಯಲ್ಲಿದ್ದ ಪುಸ್ತಕ ಮುಗಿದಿದೆ, ಅಲ್ಮಾರಿಯಲ್ಲಿರುವವನ್ನು ಮಕ್ಕಳಿಗೆ ಮನೆಗೆ ಯಾಕೆ ಕೊಡುವುದಿಲ್ಲ ಎಂದು ಕೇಳಿದರು. ಮಾಳಿಗೆಯ ರಿಪೇರಿಗಿಂತ ಮೊದಲು ಆ ವಿಷಯವನ್ನು ನಡಾವಳಿ ಪುಸ್ತಕದಲ್ಲಿ ಬರೆದೆವು.